ಹೆರಿಗೆ ಆಸ್ಪತ್ರೆಯ ಗೋಡೆಯ ವೈಫೈ

ನಾನು ಒಂದು ಮೊಬೈಲ್ ಫೋನು. ನನ್ನ ಗಾಜು ಮೂರು ಕಡೆ ಸೀಳಿದೆ, ಬ್ಯಾಟರಿ ಊದಿಕೊಂಡಿದೆ. ಈ ಕಥೆ ಕೇಳಿ ಅಯ್ಯೋ ಪಾಪ ಅನ್ನಬೇಡಿ. ಅಯ್ಯೋ ಪಾಪ ಅನ್ನುವವರನ್ನು ತುಂಬ ನೋಡಿದ್ದೇನೆ. ಅಂದ ಮೇಲೆ ಒಂದು ಗೇಣು ಸರಿದು ಕೂರುತ್ತಾರೆ, ಅಷ್ಟೇ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಹೆಂಗಸರು ಸಾಲಾಗಿ ನಿಂತು ನನ್ನಂಥವರನ್ನು ಕಟ್ಟುತ್ತಿದ್ದರು. ಕೆಲಸಕ್ಕೆ ಬರುವಾಗ ಅವರ ಸ್ವಂತ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಿದ್ದರು. ದಿನವಿಡೀ ಫೋನು ಕಟ್ಟುವವಳಿಗೆ, ಮನೆಯಲ್ಲಿ ಮಗುವಿನ ಜ್ವರ ಬಿಟ್ಟಿತಾ ಎಂದು ಕೇಳಲು ಫೋನಿಲ್ಲ. ನನಗೆ ಸ್ಪೀಕರ್ ಕೂರಿಸಿದವಳು ನಿಂತಲ್ಲೇ ತೂಕಡಿಸಿದಳು. ಮೇಲ್ವಿಚಾರಕ ಬಂದು ಕೈಯಲ್ಲಿದ್ದ ಕಬ್ಬಿಣದ ತಟ್ಟೆಯನ್ನು ಅವಳ ಬೆರಳ ಮೇಲೆ ಕುಕ್ಕಿದ. ಅವಳು ಕೂಗಲಿಲ್ಲ. ಕೂಗಿದರೆ ಕೆಲಸ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಅತ್ತಳು. ಈ ಲೋಕದಲ್ಲಿ ನಾನು ಕೇಳಿದ ಮೊದಲ ಸದ್ದು ಅದು.

ಮೊದಲ ಯಜಮಾನ ಮೈಸೂರಿನ ಒಬ್ಬ ಕಾಲೇಜು ಹುಡುಗ, ಪ್ರಣೀತ. ಅವನಿಗೆ ನಾನು ಆಟದ ಸಾಮಾನು. ಆಟದಲ್ಲಿ ಗುಂಡು ಹೊಡೆಯುವುದು, ಹೊಡೆಸಿಕೊಳ್ಳುವುದು, ಸತ್ತು ಮತ್ತೆ ಎದ್ದು ಬರುವುದು. ಒಂದು ದಿನ ಸೋತ ಸಿಟ್ಟಿಗೆ ನನ್ನನ್ನು ಗೋಡೆಗೆ ಬೀಸಿದ. ಗಾಜು ಮೊದಲ ಸಲ ಸೀಳಿದ್ದು ಆಗ. ಅವನಪ್ಪ ಬೈಯಲೂ ಇಲ್ಲ, ಮರುದಿನವೇ ಹೊಸದು ತಂದುಕೊಟ್ಟ. ನಾನು ಹಳೇ ಫೋನಿನ ಅಂಗಡಿಗೆ ಬಿದ್ದೆ, ಅಲ್ಲಿಂದ ಹುಣಸೂರಿನ ಇನ್ನೊಂದು ಅಂಗಡಿಗೆ.

ಅಲ್ಲಿಗೆ ಜಂಕ್ಷನ್ ಬಂದ. ಅದು ಅವನ ಹೆಸರು, ನಗಬೇಡಿ. ಹಕ್ಕಿಪಿಕ್ಕಿಗಳ ಕಾಲೋನಿಯವನು. ಅವರಲ್ಲಿ ಕಂಡದ್ದು, ಕೇಳಿದ್ದು, ಮೆಚ್ಚಿದ್ದು ಎಲ್ಲವನ್ನೂ ಮಕ್ಕಳಿಗೆ ಹೆಸರಿಡುವ ರೂಢಿಯುಂಟು. ಅವನ ತಾಯಿಗೆ ಹೆರಿಗೆ ನೋವು ಬಂದದ್ದು ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ಪಾಸ್‌ಪೋರ್ಟಿನಲ್ಲೂ ಅದೇ ಹೆಸರು. ಐದನೇ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಮೇಷ್ಟ್ರು ದಿನಾ ರೈಲಿನ ಹಾಗೆ ಕೂಗಿ ಇಡೀ ಕ್ಲಾಸನ್ನು ನಗಿಸುತ್ತಿದ್ದರಂತೆ. ಒಂದು ದಿನ ಇವನು ಸ್ಲೇಟನ್ನು ಮೇಷ್ಟ್ರ ಮೇಜಿಗೆ ಹೊಡೆದು ಒಡೆದು ಮನೆಗೆ ಬಂದ. ಮತ್ತೆ ಹೋಗಲಿಲ್ಲ.

ಅಂಗಡಿಯವನು ನನ್ನ ಕ್ಯಾಮೆರಾ ಹೊಗಳಿದ, ನೆನಪಿನ ಶಕ್ತಿ ಹೊಗಳಿದ. ಜಂಕ್ಷನ್ ಅದೇನನ್ನೂ ಕೇಳಲಿಲ್ಲ.

"ಜೋರಾಗಿ ಕೂಗ್ತದಾ?" ಅಂದ.

ಅಂಗಡಿಯವನು ಹಾಡು ಹಾಕಿದ. ರಸ್ತೆಯಾಚೆಯ ಎಮ್ಮೆ ತಿರುಗಿ ನೋಡಿತು.

"ಇದೇ ಇರ್ಲಿ ಕಣಣ್ಣ. ನಮ್ಗೆ ಬಾಯಿರೋದೇ ಬೇಕು."

ಯಾಕೆಂದರೆ ಅವರದು ಎಣ್ಣೆ ಮಾರುವ ಕೆಲಸ. ಬೇರು ನಾರು ಕುದಿಸಿ ಮಾಡಿದ ತಲೆಗೂದಲಿನ ಎಣ್ಣೆ, ನೋವಿನ ಎಣ್ಣೆ. ಅದನ್ನು ಹೊತ್ತು ಆಫ್ರಿಕಾದ ಊರೂರು ತಿರುಗುತ್ತಾರೆ. ಬೇಟೆ ನಿಂತ ಮೇಲೆ, ಕಾಡಿಗೆ ಬಂದರೆ ಒಳಗೆ ಹಾಕ್ತೀವಿ ಎಂದು ಫಾರೆಸ್ಟಿನವರು ಅಂದ ಮೇಲೆ, ಕಾಲೋನಿಯವರು ಕಂಡುಕೊಂಡ ದಾರಿ ಅದು. ಈ ತಂಡದಲ್ಲಿ ಹನ್ನೊಂದು ಜನ. ಜಂಕ್ಷನ್, ಅವನ ಹೆಂಡತಿ ಬಿಜಲಿ, ಬಿಜಲಿಯ ಅಪ್ಪ ಅಮಲ್ದಾರ, ಉಳಿದವರೆಲ್ಲ ಅಣ್ಣ ತಮ್ಮ ಅತ್ತಿಗೆ ನಾದಿನಿಯರು. ಜಂಕ್ಷನ್ ಮತ್ತು ಬಿಜಲಿಯ ನಾಲ್ಕು ವರ್ಷದ ಮಗಳು ಕಾಲೋನಿಯಲ್ಲಿ ಅಜ್ಜಿಯ ಜೊತೆ ಉಳಿದಳು. ಮನೆಯಲ್ಲಿ ಅವರು ಆಡುವುದು ವಾಗ್ರಿ ಮಾತು. ಜಗಳ ಬಂದರೆ ಮಾತ್ರ ಕನ್ನಡ. "ಬೈಯೋಕೆ ಕನ್ನಡ ಕೈಗೆ ಚೆನ್ನಾಗಿ ಕೂತ್ಕೊತದೆ" ಎನ್ನುತ್ತಿದ್ದ ಜಂಕ್ಷನ್, ಮಚ್ಚಿನ ಹಿಡಿಯ ಬಗ್ಗೆ ಹೇಳಿದ ಹಾಗೆ.

ಅವರು ಹೋದ ದೇಶದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು, "ಓ ಅಲ್ಲಾ? ಅಲ್ಲಿ ಯಾವಾಗ್ಲೂ ಹಂಗೇ ಬಿಡಿ" ಅಂದುಬಿಡುತ್ತೀರಿ.

ನಾವು ಹೋದಾಗ ಹಾಗಿರಲಿಲ್ಲ. ಸಂತೆಯಿತ್ತು. ಬಿಜಲಿ ಮೊಣಕಾಲು ಮುಟ್ಟುವ ಕೂದಲು ಬಿಚ್ಚಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅದೇ ಬೋರ್ಡು. ಜಂಕ್ಷನ್ ದಾರಿಹೋಕರ ತಲೆ ತಿಕ್ಕುತ್ತಿದ್ದ. ನಾನು ಕೂಗುತ್ತಿದ್ದೆ. ಟೀ ಅಂಗಡಿಯ ಒಬ್ಬ ಮಾಣಿ ತನ್ನ ಭಾಷೆಯಲ್ಲಿ ನಾಲ್ಕು ಸಾಲು ಹೇಳಿಕೊಟ್ಟಿದ್ದ: "ಬಾ ಅಣ್ಣ ಬಾ! ತಲೆನೋವಿಗೆ ಒಳ್ಳೇದು. ಮುಟ್ಟಿ ನೋಡು, ಮೂಸಿ ನೋಡು. ಬೇಡ ಅಂದ್ರೆ ಕೋಪ ಇಲ್ಲ." ಆ ದೇಶದ ಭಾಷೆಯಲ್ಲಿ ಜಂಕ್ಷನ್‌ಗೆ ಬರುತ್ತಿದ್ದುದು ಆ ನಾಲ್ಕು ಸಾಲು ಮಾತ್ರ. ಅದನ್ನು ನನ್ನೊಳಗೆ ತುಂಬಿಸಿ, ನನ್ನ ರಿಂಗ್‌ಟೋನೂ ಅದನ್ನೇ ಮಾಡಿದ. ಯಾರಾದರೂ ಫೋನು ಮಾಡಿದರೂ ವ್ಯಾಪಾರವೇ ಆಗಲಿ ಅಂತ. ನನ್ನ ದನಿಯನ್ನು ಅವನು ಎಂದೂ ಇಳಿಸಲಿಲ್ಲ. ಬೀದಿಯಲ್ಲಿ ಮಾರುವವನು ಯಾಕೆ ಇಳಿಸುತ್ತಾನೆ?

ಊರಿಗೆ ಮಾತಾಡಬೇಕಾದರೆ ಮಾತ್ರ ಬಿಟ್ಟಿ ವೈಫೈ ಹುಡುಕಬೇಕು. ಪರದೇಶದಲ್ಲಿ ಅದು ಸುಲಭವಲ್ಲ. ವಿಮಾನ ನಿಲ್ದಾಣದ ವೈಫೈ, ನಿಮ್ಮ ನಂಬರು ಕೊಡಿ, ಗುಟ್ಟಿನ ಅಂಕಿ ಕಳಿಸುತ್ತೇವೆ ಎನ್ನುತ್ತದೆ. ನಂಬರು ನಮ್ಮ ದೇಶದ್ದು, ಅಲ್ಲಿ ಸತ್ತ ಹೆಣ. ಅಂಕಿ ಎಲ್ಲಿಂದ ಬರಬೇಕು? ದೊಡ್ಡ ಹೋಟೆಲಿನವರು, ಒಳಗೆ ತಿನ್ನುವವರಿಗೆ ಮಾತ್ರ ಎನ್ನುತ್ತಾರೆ. ಜಂಕ್ಷನ್ನಿನ ತಾತ ಕೌಜುಗದ ಹಕ್ಕಿ ಎಲ್ಲಿ ಇಳಿಯುತ್ತದೆ ಎಂದು ಹುಲ್ಲು ನೋಡಿ ಹೇಳುತ್ತಿದ್ದನಂತೆ. ಇವನು ನನ್ನನ್ನು ಎತ್ತಿ ಹಿಡಿದುಕೊಂಡು ಹಾಗೇ ಬೀದಿ ಬೀದಿ ನಡೆದ. ಹೋಟೆಲಿನ ಹಿಂದಿನ ಕಸದ ತೊಟ್ಟಿಯ ಪಕ್ಕ ಸಿಗ್ನಲ್ಲಿನ ಎರಡು ಗೆರೆ. ಟೀ ಅಂಗಡಿಯ ಮೂರನೇ ಕಂಬದ ಹತ್ತಿರ ಒಂದು ಗೆರೆ, ಅದೂ ಗಾಳಿ ಇಲ್ಲದಿದ್ದರೆ. ಹೆರಿಗೆ ಆಸ್ಪತ್ರೆಯ ಹಿಂದಿನ ಗೋಡೆಗೆ ಒರಗಿದರೆ ಪೂರಾ ನಾಲ್ಕು ಗೆರೆ. ಆಸ್ಪತ್ರೆಯ ಡಾಕ್ಟರಮ್ಮ ತನ್ನ ವೈಫೈಗೆ ಬೀಗವನ್ನೇ ಹಾಕಿರಲಿಲ್ಲ. ಅದಕ್ಕೆ ಅವಳಿಟ್ಟ ಹೆಸರು ಅವರ ಭಾಷೆಯಲ್ಲಿ "ಎಲ್ಲರೂ ಬನ್ನಿ" ಎಂದು.

ಬೀಗ ಇರುವ ಕಡೆ ಒದೆ ಇತ್ತು. ಕಸದ ತೊಟ್ಟಿಯ ಪಕ್ಕ ಒಂದು ಮಧ್ಯಾಹ್ನ ಮಗಳು ಊರಿಂದ ನನ್ನ ಪರದೆಯಲ್ಲಿ ಪದ್ಯ ಹೇಳಿ ತೋರಿಸುತ್ತಿದ್ದಳು. ಹೋಟೆಲಿನ ಕಾವಲುಗಾರ ಹಿಂದಿನಿಂದ ಬಂದು ಜಂಕ್ಷನ್ನಿನ ಬೆನ್ನಿಗೆ ಬೂಟಿನಲ್ಲಿ ಒದ್ದ. ನಾನು ಹಾರಿ ಕಸಕ್ಕೆ ಬಿದ್ದೆ. ಎರಡನೇ ಸೀಳು. ಜಂಕ್ಷನ್ ಎದ್ದು ಕಾವಲುಗಾರನ ಕೊರಳಪಟ್ಟಿ ಹಿಡಿದ. ಅಷ್ಟರಲ್ಲಿ ಕಸದೊಳಗಿಂದ ನನ್ನ ಮೂಲಕ ಮಗಳು ಕೇಳಿದಳು, "ಅಪ್ಪ, ಎಲ್ಲೋದೆ?" ಅವನು ಕೈ ಬಿಟ್ಟು ನನ್ನನ್ನು ಎತ್ತಿಕೊಂಡ. "ಇಲ್ಲೇ ಇದೀನಿ ಕಣವ್ವ, ಬಿದ್ದೋದೆ" ಅಂದು ನಕ್ಕ. ಹಲ್ಲಿನಲ್ಲಿ ರಕ್ತ ಇತ್ತು. ನಾನು ಅದನ್ನು ಸರಿಯಾಗಿ ತೋರಿಸದೆ ಮಸುಕು ಮಾಡಿದೆ. ನನ್ನ ಕೈಲಾದದ್ದು ಅದು.

ಆಮೇಲೆ ಯುದ್ಧ ಬಂತು. ಇಬ್ಬರು ದೊಡ್ಡ ಮನುಷ್ಯರಿಗೆ ಒಂದು ಕುರ್ಚಿ ಬೇಕಿತ್ತು. ಅದಕ್ಕೆ ಊರು ಸುಟ್ಟರು. ಬೆಳಗಿನ ಟೀ ಹೊತ್ತಿಗೆ ಮೊದಲ ಗುಂಡು ಬಿತ್ತು, ಮಧ್ಯಾಹ್ನಕ್ಕೆ ಸಂತೆಯೇ ಇರಲಿಲ್ಲ. ನಾಲ್ಕು ಸಾಲು ಹೇಳಿಕೊಟ್ಟ ಮಾಣಿ ತನ್ನ ಅಂಗಡಿಯ ಬಾಗಿಲಲ್ಲೇ ಬಿದ್ದಿದ್ದ, ಕೈಯಲ್ಲಿ ಲೋಟಗಳ ತಟ್ಟೆ ಹಾಗೇ ಇತ್ತು. ಹನ್ನೊಂದು ಜನ ಒಂದು ಕೋಣೆಯಲ್ಲಿ ಎಣ್ಣೆ ಡಬ್ಬಿಗಳ ನಡುವೆ ಆರು ದಿನ ಕೂತರು. ಎದುರುಮನೆಗೆ ಬಾಂಬು ಬಿದ್ದಾಗ ಡಬ್ಬಿ ಒಡೆದು ನೆಲವೆಲ್ಲ ಎಣ್ಣೆ. ಹೊರಗೆ ಹೊಗೆ, ಒಳಗೆ ದಾಸವಾಳದ ಘಮ. ಕುಡಿಯಲು ನೀರಿಲ್ಲ.

ಬುಧವಾರ ಯಾವುದೋ ಮನೆಯ ಬೀಗವಿಲ್ಲದ ವೈಫೈ ಹತ್ತು ನಿಮಿಷ ಸಿಕ್ಕಿತು. ಆ ಹತ್ತು ನಿಮಿಷದಲ್ಲಿ ನನಗೆ ಒಂದು ಸಂದೇಶ ಬಿತ್ತು. ನಮ್ಮ ದೇಶದವರನ್ನು ಕರೆದೊಯ್ಯುವ ಕಚೇರಿಯಿಂದ. ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಒಬ್ಬೊಬ್ಬರದೂ ಈ ನಂಬರಿಗೆ ಕಳಿಸಿ, ಗುರುವಾರ ಸಂಜೆ ನಾಲ್ಕರೊಳಗೆ. ಶುಕ್ರವಾರ ಬೆಳಿಗ್ಗೆ ಫುಟ್ಬಾಲ್ ಮೈದಾನದಿಂದ ಬಸ್ಸು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಹತ್ತಿಸುವುದಿಲ್ಲ.

ಪಾಸ್‌ಪೋರ್ಟುಗಳೆಲ್ಲ ಅಮಲ್ದಾರನ ಸೊಂಟಕ್ಕೆ ಸುತ್ತಿದ ಬಟ್ಟೆಯಲ್ಲಿದ್ದವು. ಮುದುಕ ಬಟ್ಟೆಯ ಮೇಲೆ ಎರಡು ಕೈ ಇಟ್ಟು, "ಫೋಟೋ ತೆಗ್ಯಾಕಿಲ್ಲ" ಅಂದ.

"ಮಾವ, ತಲೆಗಿಲೆ ಕೆಟ್ಟಿದ್ದಾ ನಿಂಗೆ?"

"ನಿಂಗೇನ್ಲಾ ಗೊತ್ತು? ನಮ್ ಮಖ ಯಾವಾಗ್ ಯಾವಾಗ್ ಫೋಟೋ ಆಗೈತೋ, ಆವಾಗೆಲ್ಲ ಸ್ಟೇಷನ್‌ನಾಗೆ ಒದೆ ಬಿದ್ದೈತೆ. ನಮ್ಮಪ್ಪನ ಫೋಟೋ ತಕ್ಕೊಂಡೋಗಿ ಗೋಡೆಗೆ ಅಂಟಿಸಿ, ಎಲ್ಲಿ ಕಳ್ಳತನ ಆದ್ರೂ ಎತ್ತಾಕ್ಕೊಂಡು ಹೋಯ್ತಿದ್ರು. ಕಾಲ್ ಮುರ್ದು ಕಳಿಸಿದ್ರು ಅವ್ನನ್ನ. ನಾನ್ ನೋಡೀನಿ."

"ಇದು ಅದಲ್ಲ ಮಾವ!"

"ಎಲ್ಲಾ ಅದೇಯ."

ಜಂಕ್ಷನ್ ಬಟ್ಟೆಗೆ ಕೈ ಹಾಕಿದ. ಮುದುಕ ಅವನ ಕೆನ್ನೆಗೆ ಬಾರಿಸಿದ. ಜಂಕ್ಷನ್ ಮುದುಕನನ್ನು ಎಣ್ಣೆ ನೆಲದ ಮೇಲೆ ಕೆಡವಿದ. ಇಬ್ಬರೂ ಜಾರುತ್ತ, ಉಸಿರು ಬಿಡುತ್ತ, ಒಬ್ಬರ ಕೂದಲನ್ನೊಬ್ಬರು ಹಿಡಿದು ಹೊಡೆದಾಡಿದರು. ಹೊರಗಿನ ಸಾವು ಸಾಲದು ಅನ್ನುವ ಹಾಗೆ. ಬಿಜಲಿ ಬಂದು ಖಾಲಿ ಡಬ್ಬಿಯಿಂದ ಇಬ್ಬರಿಗೂ ಒಂದೊಂದು ಕೊಟ್ಟಳು.

"ಅಪ್ಪಾ, ಒದೆ ತಿನ್ನೋಕೂ ಜೀವ ಇರ್ಬೇಕು. ಬಿಚ್ಚು ಬಟ್ಟೆ. ಇಲ್ಲಾಂದ್ರೆ ನಾನ್ ಬಿಚ್ತೀನಿ, ಎಲ್ರ ಮುಂದೆ ಬರೀ ಚಡ್ಡೀಲ್ ಕೂತ್ಕೊ."

ಯಾರೋ ನಕ್ಕರು. ಆರು ದಿನಗಳಲ್ಲಿ ಮೊದಲ ನಗು. ಮುದುಕ ಬಟ್ಟೆ ಬಿಚ್ಚಿದ.

ಫೋಟೋ ತೆಗೆಯುವಾಗ ಅಮಲ್ದಾರ ಒಂದೊಂದೇ ಪಾಸ್‌ಪೋರ್ಟು ಎತ್ತಿಕೊಟ್ಟ. ಅವನ ಮನೆತನಕ್ಕೆ ಒಂದು ಕಟ್ಟಳೆ ಇತ್ತು. ಹಕ್ಕಿ ಹಿಡಿಯುತ್ತಿದ್ದ ಕಾಲದಲ್ಲಿ, ಬಲೆ ಹಾಕಿದವನು ಎಲ್ಲರ ಪಾಲು ಹಂಚಿ ಕೊನೆಗೆ ತನ್ನದು ತೆಗೆದುಕೊಳ್ಳಬೇಕು. ಬೇಟೆ ಹೋದರೂ ಕಟ್ಟಳೆ ಹೋಗಿರಲಿಲ್ಲ. ಊಟಕ್ಕೂ ಅದೇ, ಬಸ್ಸಿನ ಸೀಟಿಗೂ ಅದೇ. ವೈಫೈ ಹಿಡಿಯಲು ಹೋಗುವವನು ಜಂಕ್ಷನ್. ಹಾಗಾಗಿ ಅವನ ಪಾಸ್‌ಪೋರ್ಟು ಹನ್ನೊಂದನೆಯದು. ಯಾರೂ ಅದರ ಬಗ್ಗೆ ಎರಡು ಸಲ ಯೋಚಿಸಲಿಲ್ಲ. ನಾನೂ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಜಂಕ್ಷನ್ ಹೊರಟ. ಬಿಜಲಿ ಬಾಗಿಲಲ್ಲಿ ನಿಂತು, "ಬೇಗ ಬರ್ಬೇಡ. ನೋಡ್ಕೊಂಡ್ ಬಾ" ಅಂದಳು. ನಾನು ಅವನ ಅಂಗಿಯೊಳಗೆ, ಎದೆಗೆ ತಾಗಿಕೊಂಡಿದ್ದೆ. ಎರಡು ಬೀದಿ ದಾಟಲು ಒಂದು ಗಂಟೆ ಹಿಡಿಯಿತು. ಮೊದಲ ಬೀದಿಯಲ್ಲಿ ನಾಯಿಗಳು ಏನನ್ನೋ ಎಳೆಯುತ್ತಿದ್ದವು. ಅವನು ನೋಡಲಿಲ್ಲ, ಅವನ ಎದೆ ಮಾತ್ರ ನನಗೆ ಬಡಿಯಿತು. ಎರಡನೇ ಬೀದಿಯ ತುದಿಯಲ್ಲಿ ಬಂದೂಕಿನವರ ಪಿಕಪ್ ನಿಂತಿತ್ತು. ಅವರ ಹಿಂದೆ, ಸುಟ್ಟ ಬಸ್ಸಿನ ಮರೆಯಲ್ಲಿ ಹೊಟ್ಟೆ ಎಳೆದುಕೊಂಡು ಹೋದ.

ಆಸ್ಪತ್ರೆಯ ಹಿಂದಿನ ಗೋಡೆಗೆ ಮೂವತ್ತು ನಲವತ್ತು ಜನ ಒರಗಿ ಕೂತಿದ್ದರು. ಎಲ್ಲ ದೇಶದವರು, ಎಲ್ಲ ಬಣ್ಣದವರು. ಯಾರೂ ಮಾತಾಡುತ್ತಿರಲಿಲ್ಲ. ಪಿಕಪ್ ನಿಂತಿದ್ದು ಅಲ್ಲಿಂದ ನೂರು ಹೆಜ್ಜೆ. ಎಲ್ಲರ ಫೋನೂ ಮೂಕ, ಎಲ್ಲರ ಹೆಬ್ಬೆರಳೂ ಆಡುತ್ತಿತ್ತು. ಗೋಡೆಯಾಚೆ ಒಬ್ಬಳು ಹೆರುತ್ತಿದ್ದಳು, ಅವಳೊಬ್ಬಳಿಗೆ ಮಾತ್ರ ಕೂಗುವ ಹಕ್ಕಿತ್ತು. ಮೇಲೆ ಚಾವಣಿಯಲ್ಲಿ ಜನರೇಟರ್ ಗುರುಗುಟ್ಟುತ್ತಿತ್ತು, ಪಕ್ಕದಲ್ಲಿ ಆಕಾಶ ನೋಡುತ್ತ ಇಂಟರ್ನೆಟ್ ಹಿಡಿಯುವ ಬಿಳಿ ತಟ್ಟೆ. ಜಂಕ್ಷನ್ ಮೂರನೇ ಕಿಟಕಿಯ ಕೆಳಗೆ ಒರಗಿದ. ನಾಲ್ಕು ಗೆರೆ ಬಂತು. ಎಲ್ಲರೂ ಬನ್ನಿ.

ಫೋಟೋ ಒಂದು ಹೋಯಿತು. ಅಮಲ್ದಾರ. ಎರಡು ಹೋಯಿತು. ನಲವತ್ತು ಫೋನು ಒಂದೇ ಎಳೆಗೆ ಜೋತುಬಿದ್ದಿದ್ದವು. ಮೂರು ನಿಮಿಷಕ್ಕೊಂದು, ಐದು ನಿಮಿಷಕ್ಕೊಂದು. ಹತ್ತನೆಯದು ಬಿಜಲಿಯದು. ಅವಳ ಮುಖ ಮೇಲಕ್ಕೆ ಹೋಗಿ ತಲುಪಿತು ಎನ್ನುವ ಎರಡು ಗೀಟು ಬಿದ್ದಾಗ ಜಂಕ್ಷನ್ ನನ್ನನ್ನು ಹಣೆಗೆ ಒತ್ತಿಕೊಂಡ. ಮೂರೂ ಮುಕ್ಕಾಲು. ಹನ್ನೊಂದನೆಯದು ಹೊರಟಿತು. ದುಂಡಗಿನ ಗೆರೆ ತಿರುಗುತ್ತಿತ್ತು, ಅರ್ಧ ಆಗಿತ್ತು.

ಆಗ ಕಾಲೋನಿಯಲ್ಲಿ ಅವನ ಅತ್ತೆ, ಬಿಜಲಿಯ ತಾಯಿ, ಫೋನು ಕೈಯಲ್ಲಿ ಹಿಡಿದೇ ಕೂತಿದ್ದಳು. ಆರು ದಿನದಿಂದ ಹಾಗೇ ಕೂತಿದ್ದಳಂತೆ. ಜಂಕ್ಷನ್ನಿನ ಹೆಸರಿನ ಕೆಳಗೆ, ಈಗ ಫೋನಿನಲ್ಲಿದ್ದಾನೆ ಎನ್ನುವ ಹಸಿರು ಅಕ್ಷರ ಕಂಡಿತು. ಬದುಕಿದ್ದಾರೆ! ಮುದುಕಿ ಕರೆ ಒತ್ತಿದಳು.

ನಾನು ಕೂಗಿದೆ. "ಬಾ ಅಣ್ಣ ಬಾ! ತಲೆನೋವಿಗೆ ಒಳ್ಳೇದು! ಮುಟ್ಟಿ ನೋಡು, ಮೂಸಿ ನೋಡು!" ಸತ್ತ ಮಾಣಿಯ ದನಿ, ಸಂತೆಯಷ್ಟು ಜೋರಾಗಿ, ಆ ಮೂಕ ಗೋಡೆಯ ಕೆಳಗೆ.

ಜಂಕ್ಷನ್ ಕರೆ ಕಡಿದ. ನಲವತ್ತು ಮುಖ ನಮ್ಮ ಕಡೆ ತಿರುಗಿತು. ಪಿಕಪ್ಪಿನ ಬಾಗಿಲು ಬಡಿದ ಸದ್ದು ಬಂತು. ಜನ ಎದ್ದು ಓಡಿದರು. ಜಂಕ್ಷನ್ ಓಡಲಿಲ್ಲ. ಓಡಿದರೆ ಗೆರೆ ಹೋಗುತ್ತದೆ, ಫೋಟೋ ನಿಲ್ಲುತ್ತದೆ. ಮತ್ತೆ ಕರೆ ಬಾರದಿರಲಿ ಎಂದು ಕಾಲೋನಿಯ ಹೆಸರು ಒತ್ತಿ, ದನಿ ತುಂಬುವ ಗುಂಡಿ ಅದುಮಿ, ಅದು ತಾನಾಗಿ ತುಂಬಿಕೊಳ್ಳಲಿ ಎಂದು ಮೇಲಕ್ಕೆ ಜಾರಿಸಿದ. ಪಿಸುಗುಟ್ಟಿದ: "ಅತ್ತೆ, ಫೋನ್ ಮಾಡ್ಬೇಡಿ. ಎಲ್ಲಾ ಬದುಕಿದೀವಿ. ಹತ್ತು ಹೆಸ್ರು ಹೋಗೈತೆ, ನಂದೊಂದ್ ಹೋಗ್ತಾ ಐತೆ..."

ಅಷ್ಟರಲ್ಲೇ ಬೂಟುಗಳು ಬಂದವು. ಮೂವರು. ಒಬ್ಬ ಬಂದೂಕಿನ ಹಿಂಬದಿಯಿಂದ ಅವನ ಮುಖಕ್ಕೆ ಕುಕ್ಕಿದ. ಇನ್ನೊಬ್ಬ ನನ್ನನ್ನು ಹಿಡಿದಿದ್ದ ಕೈಯನ್ನು ತುಳಿದ. ಬೆರಳು ಮುರಿದದ್ದು ನನಗೆ ಕೇಳಿಸಿತು, ಒಣ ಕಡ್ಡಿಯ ಹಾಗೆ. ಆದರೂ ಅವನು ಬಿಡಲಿಲ್ಲ. ಅವರು ಏನೋ ಕೇಳಿದರು. ಇವನಿಗೆ ಬರುತ್ತಿದ್ದುದು ನಾಲ್ಕೇ ಸಾಲು. ಅದನ್ನೇ ಹೇಳಿದ. "ಅಣ್ಣ... ತಲೆನೋವಿಗೆ ಒಳ್ಳೇದು. ಮುಟ್ಟಿ ನೋಡು." ಅವರು ನಕ್ಕರು. ನಕ್ಕು ಮತ್ತೆ ಕುಕ್ಕಿದರು. "ಬೇಡ ಅಂದ್ರೆ ಕೋಪ ಇಲ್ಲ, ಅಣ್ಣ. ಕೋಪ ಇಲ್ಲ."

ಒಬ್ಬ ಮೇಲೆ ನೋಡಿದ. ಬಿಳಿ ತಟ್ಟೆ ಕಂಡಿತು. ಬಂದೂಕು ಎತ್ತಿ ಹೊಡೆದ. ನಾಲ್ಕು ಗೆರೆ ಒಂದೇ ಸಲ ಸತ್ತವು. ಹನ್ನೊಂದನೇ ಫೋಟೋದ ದುಂಡು ಗೆರೆ ಮುಕ್ಕಾಲಿಗೆ ನಿಂತಿತು.

ಜಂಕ್ಷನ್ ಅದನ್ನು ನೋಡಿದ. ಆಮೇಲೆ ಅವನಿಗೆ ಕನ್ನಡ ಬಂತು. ಆ ಮಾತುಗಳನ್ನು ಇಲ್ಲಿ ಬರೆಯಲಾಗದು. ಅವರ ತಾಯಿಯಿಂದ ಶುರು ಮಾಡಿ, ಅವರ ಕುರ್ಚಿ, ಅವರ ಬಂದೂಕು, ಸಂತೆ ಸುಟ್ಟವರ ವಂಶ, ಐದನೇ ಕ್ಲಾಸಿನ ಮೇಷ್ಟ್ರು, ಗೋಡೆಗೆ ಫೋಟೋ ಅಂಟಿಸಿದವರು, ಎಲ್ಲರನ್ನೂ ಒಂದೇ ಉಸಿರಿಗೆ ಬೈದ. ಬೈಯುತ್ತ ಎದ್ದ. ಎದ್ದು, ಮುರಿಯದ ಕೈಯಲ್ಲಿ ಒಬ್ಬನ ಬಾಯಿಗೆ ಗುದ್ದಿದ. ಹಲ್ಲು ಉದುರಿತು. ನಾನು ನೋಡಿದೆ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮೂರು ಗುಂಡು. ಮೊದಲನೆಯದಕ್ಕೆ ಅವನು ಕೂತ. ಎರಡನೆಯದಕ್ಕೆ ಒರಗಿದ. ಮೂರನೆಯದು ಬೇಕಿರಲಿಲ್ಲ.

ಹಲ್ಲು ಕಳೆದುಕೊಂಡವನು ನನ್ನನ್ನು ಎತ್ತಿಕೊಂಡ. ನನ್ನ ಮೇಲೆ ರಕ್ತ ಇತ್ತು, ಅಂಗಿಗೆ ಒರೆಸಿದ. ದನಿ ಇನ್ನೂ ತುಂಬುತ್ತಲೇ ಇತ್ತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಅದೇನೆಂದು ತಿಳಿಯದೆ ಹೆಬ್ಬೆರಳಿನಿಂದ ಬಾಣದ ಗುರುತು ಒತ್ತಿದ. ಸಂದೇಶ ಕಾಲೋನಿಯ ಹೆಸರಿನ ಕೆಳಗೆ ನಿಂತಿತು, ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು. ನೆಟ್‌ವರ್ಕ್ ಬಂದಾಗ ಹೋಗುತ್ತದೆ ಎಂದು ಅದರ ಅರ್ಥ. ಹನ್ನೊಂದನೇ ಫೋಟೋದ ಪಕ್ಕದಲ್ಲೂ ಅದೇ ಗಡಿಯಾರ. ನನ್ನನ್ನು ಪಿಕಪ್ಪಿನ ಮುಂದಿನ ಗಾಜಿನ ಬಳಿ ಎಸೆದ. ಅಲ್ಲಿಂದ ಮತ್ತೂ ಸ್ವಲ್ಪ ಹೊತ್ತು ಗೋಡೆ ಕಾಣುತ್ತಿತ್ತು.

ತಪ್ಪು ಯಾರದು ಎಂದು ಆಮೇಲೆ ತುಂಬ ಯೋಚಿಸಿದೆ. ಕೂಗಿದ್ದು ನಾನು. ಕರೆ ಒತ್ತಿದ್ದು ಮುದುಕಿ. ದನಿ ಇಳಿಸದಿದ್ದದ್ದು ಅವನು. ಇದೆಲ್ಲ ನಿಜ. ಆದರೆ ಅಳಿಯ ಬದುಕಿದ್ದಾನೆ ಎಂದು ಕಂಡಾಗ ಫೋನು ಮಾಡುವುದು ತಪ್ಪಲ್ಲ. ಫೋನು ಬಂದಾಗ ಕೂಗುವುದು ತಪ್ಪಲ್ಲ. ಕೊಂದವನು ಬಂದೂಕಿನವನು. ಇಷ್ಟನ್ನು ಹೇಳಲು ಯಾಕೆ ಎಲ್ಲರೂ ತಡವರಿಸುತ್ತಾರೆ ನನಗೆ ತಿಳಿಯದು.

ಆ ಸೈನಿಕನ ಬಳಿ ಎರಡು ತಿಂಗಳಿದ್ದೆ. ಅವನಿಗೆ ನಾನು ಬರೀ ಟಾರ್ಚು. ಹೋದಲ್ಲೆಲ್ಲ ಅವರೇ ತಂತಿ ಕಿತ್ತಿದ್ದರು, ಗೋಪುರ ಬೀಳಿಸಿದ್ದರು. ನೆಟ್‌ವರ್ಕ್ ಎಲ್ಲಿಂದ ಬರಬೇಕು? ಒಂದು ಹಗಲು ಪಿಕಪ್ಪಿಗೆ ಬಾಂಬು ಬಿತ್ತು. ಅವನೂ ಚೂರಾದ. ನಾನು ಮರಳಿಗೆ ಹಾರಿದೆ. ಮೂರನೇ ಸೀಳು. ಸತ್ತವರ ಜೇಬು ಹುಡುಕುವವನೊಬ್ಬ ನನ್ನನ್ನು ಚೀಲಕ್ಕೆ ಹಾಕಿದ. ಚೀಲದ ತುಂಬ ನನ್ನಂಥವರು, ನೂರಾರು. ಎಲ್ಲರ ಹೊಟ್ಟೆಯಲ್ಲೂ ಯಾರದೋ ಮಗಳು, ಯಾರದೋ ಮದುವೆ, ಯಾರದೋ ಗಡಿಯಾರ. ಚೀಲ ಗಡಿ ದಾಟಿತು.

ಈಗ ಇರುವುದು ಪಕ್ಕದ ದೇಶದ ಒಂದು ಮಾರುಕಟ್ಟೆಯಲ್ಲಿ. ಫೋನು ರಿಪೇರಿ ಮಾಡುವ ಒಬ್ಬ ಕುಳ್ಳಗಿನ ಹೆಂಗಸು, ಎಡಗಣ್ಣಿಗೆ ಭೂತಗನ್ನಡಿ ಕಚ್ಚಿಕೊಂಡು ಕೂರುತ್ತಾಳೆ. ಅವಳು ಚಾರ್ಜಿನ ತೂತಿನಿಂದ ಮರಳು ಕೆದಕಿ ತೆಗೆದಳು. ತಂತಿ ಚುಚ್ಚಿದಳು. ಮೂರು ತಿಂಗಳ ಮೇಲೆ ನನಗೆ ಪೂರ್ತಿ ಎಚ್ಚರವಾಯಿತು. ಆ ಮಾರುಕಟ್ಟೆಯಲ್ಲಿ ಊರಿನವರು ಎಲ್ಲರಿಗೂ ಬಿಟ್ಟಿ ವೈಫೈ ಹಾಕಿಸಿದ್ದಾರೆ. ನಂಬರು ಕೇಳುವುದಿಲ್ಲ. ಅವಳು ಒಂದು ಸಲ ಒತ್ತಿದಳು, ನಾಲ್ಕು ಗೆರೆ ಬಂತು.

ಮೊದಲು ಹನ್ನೊಂದನೇ ಫೋಟೋ ಹೋಯಿತು. ಒಂದೇ ಗೀಟು ಬಿತ್ತು, ಎರಡನೆಯದು ಬೀಳಲಿಲ್ಲ. ಕಚೇರಿಯ ಆ ನಂಬರನ್ನು ಎಂದೋ ಮುಚ್ಚಿದ್ದರು.

ಕಾಲೋನಿಯಿಂದ ಬಂದ ಸಂದೇಶಗಳು ಬಿದ್ದವು. ಬಿಜಲಿಯ ದನಿ. ಅವಳು ಮನೆ ಮುಟ್ಟಿದ್ದಾಳೆ! ನನ್ನನ್ನು ಕದ್ದವನಿಗೆ ಎಂದುಕೊಂಡು ಮಾತಾಡಿದ್ದಳು. ರಿಪೇರಿಯವಳು ಮುಟ್ಟಿದಳು, ಮಾರುಕಟ್ಟೆಗೆಲ್ಲ ಕೇಳುವ ಹಾಗೆ ನಾನು ಹೇಳಿದೆ.

"ಲೋ ಕಳ್ಳ ನನ್ಮಗನೇ. ಅದು ನನ್ ಗಂಡನ್ ಫೋನು. ಇಟ್ಕೊ, ಫೋನ್ ಬೇಡ ನಂಗೆ. ಅವ್ನು ಎಲ್ಲವ್ನೆ ಹೇಳು."

"ಏನೋ, ಕಿವಿ ಇಲ್ವಾ? ಹತ್ ಹೆಸ್ರು ಓದಿದ್ರು ಕಣೋ, ಹನ್ನೊಂದ್ನೇದು ಓದ್ಲಿಲ್ಲ. ನಾನ್ ಬಸ್ ಹತ್ತಲ್ಲ ಅಂದೆ. ಅಪ್ಪ ಕೂದ್ಲಿಡ್ದು ಎಳ್ದಾಕ್ದ. ನಾನ್ ಅವ್ನ ಕೈ ಕಚ್ಚಿದೀನಿ, ಇನ್ನೂ ಮಾಗಿಲ್ಲ. ಆಫೀಸಿಗೆ ಹೋದ್ರೆ ಕಾಣೆಯಾದವ್ರು ಅಂತ ಬರ್ಕೊಂಡವ್ರೆ. ಅತ್ತ ಹೆಂಡ್ತಿ ಅಲ್ಲ, ಇತ್ತ ಮುಂಡೆ ಅಲ್ಲ ನಾನು."

ಕೊನೆಯದು ಹಿಂದಿನ ವಾರದ್ದು. ಸಿಟ್ಟು ಇರಲಿಲ್ಲ. "ಮಗು ಕೇಳ್ತದೆ ಕಣಪ್ಪ. ಏನಂತ ಹೇಳ್ಲಿ? ಇದಾನೆ ಅನ್ಲಾ, ಇಲ್ಲ ಅನ್ಲಾ? ಒಂದ್ ಮಾತು ಹೇಳು. ಬೈಯಲ್ಲ."

ಆ ಹೊತ್ತಿಗೆ ನನ್ನೊಳಗಿನ ಇನ್ನೊಂದು ಗಡಿಯಾರ ತಿರುಗಲು ಶುರುವಾಗಿತ್ತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತು. ಬೆರಳು ಮುರಿದ ಸದ್ದಿದೆ. ಮೂರು ಗುಂಡಿದೆ. ಮೊದಲ ಮಾತೇ "ಅತ್ತೆ, ಫೋನ್ ಮಾಡ್ಬೇಡಿ" ಎಂದಿದೆ. ಆ ಮುದುಕಿ ಅದನ್ನು ಕೇಳಿದ ಮೇಲೆ ಹೇಗೆ ಬದುಕುತ್ತಾಳೆ? ಕಳಿಸದಿದ್ದರೆ ಬಿಜಲಿ ಹೇಗೆ ಬದುಕುತ್ತಾಳೆ? ಯಾರಾದರೂ ನನ್ನನ್ನು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಫೋನನ್ನು ಯಾರೂ ಕೇಳುವುದಿಲ್ಲ. ಗೆರೆ ಇದ್ದರೆ ಕಳಿಸುತ್ತದೆ.

ಒಂದು ಗೀಟು. ಎರಡು ಗೀಟು. ಎರಡೂ ನೀಲಿಯಾದವು.

ನಾನು ಎಣಿಸಿದೆ. ರಿಪೇರಿಯವಳು ಯಾರದೋ ಗಾಜು ಕೂರಿಸುತ್ತಿದ್ದಳು. ಪಕ್ಕದಲ್ಲಿ ಬಾಳೆಹಣ್ಣಿನವಳು ಗಿರಾಕಿಗೆ ಬೈಯುತ್ತಿದ್ದಳು. ಒಂದು ನಿಮಿಷ, ಈಗ ಬೂಟು ಬರುತ್ತದೆ. ಎರಡು ನಿಮಿಷ, ಈಗ ಅವನು ತಲೆನೋವಿಗೆ ಒಳ್ಳೇದು ಎನ್ನುತ್ತಿದ್ದಾನೆ. ಮೂರು, ಈಗ ಕನ್ನಡ. ನಾಲ್ಕು. 

ನಾಲ್ಕು ಕಳೆದು ತುಂಬ ಹೊತ್ತಾಯಿತು. ಆಮೇಲೆ ಬಿಜಲಿಯ ದನಿ ಬಂತು. ಅಳು ಇರಲಿಲ್ಲ.

"ಎಲ್ಲಿ ಹೂತ್ರಿ? ಅದೊಂದ್ ಹೇಳು."

ರಿಪೇರಿಯವಳು ಎರಡು ಸಲ ಕಿವಿಗೆ ಹಿಡಿದು ಕೇಳಿದಳು. ಭಾಷೆ ತಿಳಿಯಲಿಲ್ಲ. ಬಾಳೆಹಣ್ಣಿನವಳನ್ನು ಕರೆದು ಕೇಳಿಸಿದಳು. ಅವಳಿಗೂ ತಿಳಿಯಲಿಲ್ಲ. ಆದರೂ ಮತ್ತೊಂದು ಸಲ ಹಾಕು ಎಂದು ಕೈ ಮಾಡಿದಳು. ಅಷ್ಟರಲ್ಲಿ ನನ್ನ ಬ್ಯಾಟರಿ ಊದಿ ಬೆನ್ನು ಸೀಳಿತು. ರಿಪೇರಿಯವಳು ತಂತಿ ಕಿತ್ತು, ನನ್ನನ್ನು ಮೇಜಿನ ಕೆಳಗಿನ ಡಬ್ಬಿಗೆ ಹಾಕಿದಳು. ಇನ್ನು ನನಗೆ ಗೆರೆ ಬರುವುದಿಲ್ಲ.

ಅದಕ್ಕೇ ನಿಮಗೆ ಇಷ್ಟೆಲ್ಲ ಹೇಳಿದ್ದು, ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕಲ್ಲ. ಹುಣಸೂರಿನ ಕಡೆ ಹೋದರೆ ಕಾಲೋನಿಗೆ ಹೋಗಿ. ಬಿಜಲಿ ಎಂದು ಕೇಳಿ. ಪಿಕಪ್ಪಿನ ಗಾಜಿನ ಬಳಿಯಿಂದ ನಾನು ಕಂಡದ್ದನ್ನು ಹೇಳಿ. ಬಂದೂಕಿನವರು ಗಾಡಿ ತಿರುಗಿಸುತ್ತಿರುವಾಗಲೇ ಆಸ್ಪತ್ರೆಯ ಹಿಂದಿನ ಬಾಗಿಲು ತೆರೆಯಿತು. ಡಾಕ್ಟರಮ್ಮ ಹೊರಗೆ ಬಂದಳು, ಅವಳ ಹಿಂದೆ ಇಬ್ಬರು ಆಯಾಗಳು, ಒಬ್ಬಳ ಕೈಯಲ್ಲಿ ಗುದ್ದಲಿ. ಬಂದೂಕಿಗೆ ಬೆನ್ನು ಹಾಕಿ, ಹೆರಿಗೆ ಮಂಚದ ಬಿಳಿ ಬಟ್ಟೆಯನ್ನು ಅವನಿಗೆ ಹೊದಿಸಿದರು. ಮೂರನೇ ಕಿಟಕಿಯ ನೇರಕ್ಕೆ, ಗೋಡೆಯಿಂದ ನಾಲ್ಕು ಹೆಜ್ಜೆ, ಬೇವಿನ ಗಿಡದ ಎಡಕ್ಕೆ ಮಣ್ಣು ಅಗೆಯತೊಡಗಿದರು.

ಅಲ್ಲಿ ಹೂತಿದ್ದಾರೆ. ಹೋಗಿ ಹೇಳಿ.